ರೊಕೂರಿನ ನಾಲ್ಕನೇ ನಂಬರು

ಬೆಲ್ಜಿಯಂನ ಲಿಯೇಜ್ ಪಟ್ಟಣ ಮ್ಯೂಸ್ ನದಿಯ ಕಣಿವೆಯಲ್ಲಿದೆ. ಅಲ್ಲಿಂದ ಏರು ಹತ್ತಿದರೆ ಸಿಗುವ ಬಡಾವಣೆ ರೊಕೂರ್. ಬಸ್ಸಿಳಿದವರಿಗೆ ಮೊದಲು ಕಾಣುವುದು ದೊಡ್ಡದೊಂದು ಸಿನಿಮಾ ಮಂದಿರ, ಅದರ ಮುಂದೆ ಸಾಲುಸಾಲು ಕಾರು. ಆ ಡಾಂಬರಿನ ಮೇಲೆ ನಿಂತಾಗ ನನಗೆ ಮೈ ಜುಮ್ಮೆಂದಿತು. ಒಂದು ಕಾಲಕ್ಕೆ ಸುಮಾರು 40,000 ಜನ ಹಿಡಿಸುತ್ತಿದ್ದ ರೊಕೂರ್ ವೆಲೊಡ್ರೋಮ್ ಇದ್ದದ್ದು ಇಲ್ಲೇ. ನಡುವೆ ಹಸಿರು ಮೈದಾನ, ಅದನ್ನು ಬಳಸಿ ಓರೆಯಾಗಿ ಮೇಲೆದ್ದ ಸೈಕಲ್ ಪಥ, ಅದರಾಚೆ ಪ್ರೇಕ್ಷಕರು. ವಿಶ್ವ ಸೈಕ್ಲಿಂಗ್ ಚಾಂಪಿಯನ್‌ಷಿಪ್‌ಗಳೂ ಈ ಪಥದ ಮೇಲೆ ನಡೆದಿವೆ. ಇಂದು ಅದರ ಒಂದು ಇಟ್ಟಿಗೆಯೂ ನನ್ನ ಕಣ್ಣಿಗೆ ಬೀಳಲಿಲ್ಲ.

ಸೈಕಲ್ಲಿಗೂ ಇಲ್ಲಿ ಆಡುತ್ತಿದ್ದ ಫುಟ್‌ಬಾಲ್ ಕ್ಲಬ್ಬಿಗೂ ಹುಟ್ಟಿನಿಂದಲೇ ನಂಟು. ಲಿಯೇಜಿನ ಸೈಕಲ್ ಸಂಘದ ಸದಸ್ಯರು 1892ರಲ್ಲಿ ಕಟ್ಟಿದ ಫುಟ್‌ಬಾಲ್ ತಂಡವೇ ಮುಂದೆ ಆರ್‌ಎಫ್‌ಸಿ ಲಿಯೇಜ್ ಆಯಿತು. ಲಿಯೇಜ್–ಬಾಸ್ಟೊನ್–ಲಿಯೇಜ್ ಎಂಬ ಪ್ರಖ್ಯಾತ ಸೈಕಲ್ ರೇಸ್ ಶುರುವಾದದ್ದೂ ಅದೇ ವರ್ಷ. ನಾಲ್ಕೇ ವರ್ಷಕ್ಕೆ, 1896ರಲ್ಲಿ, ಬೆಲ್ಜಿಯಂನ ಮೊಟ್ಟಮೊದಲ ಲೀಗ್ ಪ್ರಶಸ್ತಿಯನ್ನು ಇವರು ಗೆದ್ದುಕೊಂಡರು. ಒಂದು ದೇಶದ ಮೊದಲ ಚಾಂಪಿಯನ್! ಆ ಪಟ್ಟವನ್ನು ಯಾರೂ ಕಿತ್ತುಕೊಳ್ಳುವ ಹಾಗಿಲ್ಲ. 1898, 1899, ಆಮೇಲೆ 1952, 1953ರಲ್ಲೂ ಗೆದ್ದರು.

ಬೆಲ್ಜಿಯಂನಲ್ಲಿ ಪ್ರತಿ ಕ್ಲಬ್ಬಿಗೂ ಒಂದು ನೋಂದಣಿ ಸಂಖ್ಯೆ ಇದೆ, ಅದನ್ನು ಮಾತ್ರಿಕ್ಯೂಲ್ ಅನ್ನುತ್ತಾರೆ. 1926ರಲ್ಲಿ ಹಿರಿತನದ ಪ್ರಕಾರ ಹಂಚಿದಾಗ ಆಂಟ್ವರ್ಪ್‌ಗೆ 1, ಬ್ರೂಜ್ ಕ್ಲಬ್ಬಿಗೆ 3, ಲಿಯೇಜಿಗೆ 4 ಬಂತು. ಕ್ಲಬ್ಬುಗಳು ಒಂದರಲ್ಲೊಂದು ಸೇರಿಕೊಂಡಾಗ ಎಷ್ಟೋ ಹಳೆಯ ಸಂಖ್ಯೆಗಳು ಅಳಿದುಹೋಗಿವೆ. ಇಲ್ಲಿನ ಅಭಿಮಾನಿಗಳು ಕೆಂಪು-ನೀಲಿ ಶಾಲು ಹೊದ್ದು ‘ನಾಲ್ಕು’ ಅಂತ ಎದೆಯುಬ್ಬಿಸಿ ಹೇಳುವುದು ಅದಕ್ಕೇ.

ಅವರ ಕೊನೆಯ ಸುಗ್ಗಿಕಾಲ 1980ರ ದಶಕದ ಕೊನೆಯಲ್ಲಿ ಬಂತು. ಮುಂದೆ 2002ರ ವಿಶ್ವಕಪ್‌ಗೆ ಬೆಲ್ಜಿಯಂ ತಂಡವನ್ನು ಕರೆದೊಯ್ದ ರೊಬೇರ್ ವಾಸೆಜ್ ಆಗ ಇಲ್ಲಿ ಕೋಚ್ ಆಗಿದ್ದರು. 1990ರಲ್ಲಿ ಬೆಲ್ಜಿಯಂ ಕಪ್ ಕೈಗೆ ಬಂತು. ಮರುವರ್ಷ ಯುರೋಪಿನ ಕಪ್ ವಿಜೇತರ ಟೂರ್ನಿಯ ಕ್ವಾರ್ಟರ್‌ಫೈನಲ್‌ನಲ್ಲಿ ಇಟಲಿಯ ಯುವೆಂಟಸ್‌ಗೆ ಎದುರು ನಿಂತರು.

ಅದೇ 1990ರಲ್ಲಿ ಜಗತ್ತಿನ ಫುಟ್‌ಬಾಲನ್ನೇ ಬದಲಿಸಿದ ಜಗಳವೂ ಇಲ್ಲೇ ಹುಟ್ಟಿತು. ಜಾನ್-ಮಾರ್ಕ್ ಬೊಸ್ಮನ್ ಎಂಬ ಆಟಗಾರನ ಕರಾರು ಮುಗಿದಿತ್ತು. ಫ್ರಾನ್ಸಿನ ಡಂಕರ್ಕ್ ತಂಡ ಕರೆದಿತ್ತು, ಆತನಿಗೂ ಹೋಗುವ ಆಸೆ. ಆದರೆ ಆಗಿನ ನಿಯಮದಂತೆ ಕರಾರು ಮುಗಿದ ಆಟಗಾರನಿಗೂ ಹಳೆಯ ಕ್ಲಬ್ ವರ್ಗಾವಣೆ ಹಣ ಕೇಳಬಹುದಿತ್ತು. ಕ್ಲಬ್ ಬಿಡಲಿಲ್ಲ, ಸಂಬಳವನ್ನೂ ಬಲವಾಗಿ ಇಳಿಸಿತು. ಬೊಸ್ಮನ್ ಕೋರ್ಟಿಗೆ ಹೋದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಆತನ ಪರ ತೀರ್ಪಿತ್ತಿತು: ಕರಾರು ಮುಗಿದ ಮೇಲೆ ಯುರೋಪಿಯನ್ ಒಕ್ಕೂಟದ ಆಟಗಾರ ಒಕ್ಕೂಟದ ಬೇರೆ ದೇಶದ ಕ್ಲಬ್ಬಿಗೆ ಬಿಟ್ಟಿಯಾಗಿ ಹೋಗಬಹುದು. ಇವತ್ತಿನ ತಾರೆಯರ ಕೋಟಿಗಟ್ಟಲೆ ಸಂಬಳದ ಹಿಂದೆ ಈ ದಿಬ್ಬದ ಮೇಲಿನ ಒಂದು ತಕರಾರು ಇದೆಯೆಂದರೆ ನಂಬಲು ಕಷ್ಟ. ಬೊಸ್ಮನ್ ಗೆದ್ದದ್ದು ನ್ಯಾಯವೇ. ಆದರೆ ಆತನ ಆಟದ ಬದುಕು ಆ ಹೋರಾಟದಲ್ಲೇ ಸವೆದುಹೋಯಿತು ಎಂಬುದು ಈಗಲೂ ನನ್ನನ್ನು ಕಾಡುತ್ತದೆ.

ಆ ವೇಳೆಗೆ ಕ್ಲಬ್ಬೂ ಸೋತು ಸುಣ್ಣವಾಗಿತ್ತು. 1995ರಲ್ಲಿ ಮೊದಲ ದರ್ಜೆಯಿಂದ ಕೆಳಗಿಳಿಯಿತು, ವೆಲೊಡ್ರೋಮ್ ನೆಲಸಮವಾಯಿತು, ಪಕ್ಕದ ಟಿಲ್ಲರ್ ಕ್ಲಬ್ಬಿನ ಜೊತೆ ವಿಲೀನವಾಯಿತು. ನಂಬರು 4 ಮಾತ್ರ ಉಳಿಯಿತು. ಮುಂದೆ ಸುಮಾರು 20 ವರ್ಷ ತಂಡಕ್ಕೆ ಸ್ವಂತ ನೆಲೆಯಿಲ್ಲ. ಸೆರಾಂಗ್‌ನಂಥ ಅಕ್ಕಪಕ್ಕದ ಊರುಗಳಲ್ಲಿ ಇತರರ ಮೈದಾನದಲ್ಲಿ ಆಡುತ್ತಾ ನಾಲ್ಕನೇ ದರ್ಜೆಯವರೆಗೂ ಜಾರಿತು. ಊರಿನ ಇನ್ನೊಂದು ಕ್ಲಬ್ ಸ್ಟ್ಯಾಂಡರ್ಡ್ ಕೆಳಗಿನ ನದಿ ದಡದಲ್ಲೇ ಇದೆ, ಶ್ರೀಮಂತ, ಪ್ರಖ್ಯಾತ. ಮಕ್ಕಳು ಅತ್ತ ಹೋಗಿಬಿಡುವುದು ಸುಲಭವಿತ್ತು. ಆದರೂ ಕೆಂಪು-ನೀಲಿಯವರು ತಂಡದ ಹಿಂದೆ ಊರೂರು ಸುತ್ತಿದರು.

2015ರಲ್ಲಿ ರೊಕೂರಿಗೇ ಮರಳಿದರು. ಸಿನಿಮಾ ಮಂದಿರಕ್ಕೆ ದೂರವಿಲ್ಲದ ಕಡೆ ಒಂದು ಪುಟ್ಟ ಕ್ರೀಡಾಂಗಣ ಎದ್ದಿತು. ಹಳೆಯದರ ಮುಂದೆ ಅಂಗೈಯಗಲ. ಹಾಗಾಗಿ ಬೇಲಿಗೆ ಒರಗಿ ನಿಂತರೆ ಚೆಂಡು ಒದೆಯುವ ಸದ್ದು ನೇರ ಕಿವಿಗೆ ಬೀಳುತ್ತದೆ. ಕಾರ್ನರ್ ಹೊಡೆಯಲು ಬಂದ ಆಟಗಾರನ ಏದುಸಿರೂ ಕೇಳುತ್ತದೆ. 2023ರಲ್ಲಿ ತಂಡ ಎರಡನೇ ದರ್ಜೆಗೆ ಏರಿತು. ಅಲ್ಲಿಂದ ಮೊದಲ ದರ್ಜೆಗೆ, ಊರಿನ ಎರಡು ಕ್ಲಬ್ಬುಗಳು ಲೀಗಿನಲ್ಲಿ ಮತ್ತೆ ಮುಖಾಮುಖಿಯಾಗುವುದಕ್ಕೆ, ಇರುವುದು ಒಂದೇ ಮೆಟ್ಟಿಲು.