ಬಲಗೈ ವಾಚು

ನಾವು ನಾಲ್ಕು ಜನ. ಐದನೇ ಸೆಮ್‌ನ ಮಿನಿ ಪ್ರಾಜೆಕ್ಟಿಗೆ ಏನು ಮಾಡೋದು ಅಂತ ತಲೆ ಕೆರೆದುಕೊಳ್ಳುತ್ತಿದ್ದಾಗ ಐಡಿಯಾ ಕೊಟ್ಟವನು ನಮ್ಮ ಹಿರೇನಲ್ಲೂರು. ಅದು ಅವನ ಹೆಸರಲ್ಲ. ಹಾಸ್ಟೆಲಿನಲ್ಲಿ ಮೊದಲ ದಿನ ಯಾವೂರು ಅಂತ ಕೇಳಿದ್ದಕ್ಕೆ "ಕಡೂರು ತಾಲ್ಲೂಕು, ಹಿರೇನಲ್ಲೂರು" ಅಂದಿದ್ದ, ಅದೇ ಹೆಸರಾಗಿ ನಿಂತುಬಿಟ್ಟಿತು. ಆಗ ಅವನ ತೂಕ 96 ಕೆಜಿ. ಇಳಿಸಬೇಕು ಅಂತ ಫಿಟ್ನೆಸ್ ಬ್ಯಾಂಡ್ ಕಟ್ಟಿಕೊಂಡು ಓಡಾಡುತ್ತಿದ್ದ. "ಇದು ಹೆಜ್ಜೆ ಎಣಿಸುತ್ತೆ, ನಿದ್ದೆ ಎಣಿಸುತ್ತೆ. ತಿಂದಿದ್ದನ್ನ ಮಾತ್ರ ನಾವೇ ಟೈಪ್ ಮಾಡ್ಬೇಕು. ಅದನ್ನೂ ಅದೇ ಎಣಿಸೋ ಹಾಗೆ ಮಾಡೋಣ ಕಣ್ರೋ" ಅಂದ.

ಹುಡುಕಿದರೆ, ಅದನ್ನ ಆಗಲೇ ಮಾಡಿ ಮುಗಿಸಿದ್ದಾರೆ. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಆಡಂ ಹೂವರ್, ಎರಿಕ್ ಮುತ್ ಅವರ ತಂಡದ ಪೇಪರ್ ಒಂದು 2012ರದ್ದು ಸಿಕ್ಕಿತು. ಉಪಾಯ ಸರಳ. ತುತ್ತು ಬಾಯಿಗೆ ಹೋಗುವಾಗ ಮಣಿಕಟ್ಟು ಒಂದು ಕಡೆ ಹೊರಳುತ್ತೆ, ಕೈ ಇಳಿಯುವಾಗ ಇನ್ನೊಂದು ಕಡೆ. ಗೈರೋಸ್ಕೋಪಿನಲ್ಲಿ ಸೆಕೆಂಡಿಗೆ 10 ಡಿಗ್ರಿ ದಾಟಿದ ಒಂದು ಹೊರಳು, ಕನಿಷ್ಠ 2 ಸೆಕೆಂಡ್ ಬಿಟ್ಟು ಅದರ ಎದುರು ಹೊರಳು, ಎರಡೂ ಸಿಕ್ಕರೆ ಒಂದು ತುತ್ತು. ಆಮೇಲೆ 8 ಸೆಕೆಂಡ್ ಏನನ್ನೂ ಎಣಿಸೋ ಹಾಗಿಲ್ಲ. ಒಂದು ಇಎಸ್‌ಪಿ32, ಒಂದು ಎಂಪಿಯು6050, ಹಳೇ ವಾಚಿನ ಬೆಲ್ಟು, ಪುಟ್ಟ ಬ್ಯಾಟರಿ. ಎರಡು ವಾರದಲ್ಲಿ ನಾಲ್ಕು ಪೀಸ್ ರೆಡಿ ಮಾಡಿದೆವು.

ಮೊದಲ ರಾತ್ರಿ ಮೆಸ್ಸಿನಲ್ಲಿ ನಾಲ್ಕೂ ಜನದ ಲೆಕ್ಕ ಸೊನ್ನೆ! ಕೋಡ್ ಡೀಬಗ್ ಮಾಡುತ್ತಾ ಒಂದು ಗಂಟೆ ಕೂತೆವು. ಆಮೇಲೆ ಹೊಳೀತು: ವಾಚು ಕಟ್ಟೋದು ಎಡಗೈಗೆ, ಉಣ್ಣೋದು ಬಲಗೈಲಿ. ಬಲಗೈಗೆ ಬದಲಾಯಿಸಿದೆವು, ಬೆಲ್ಟಿಗೆಲ್ಲ ಸಾಂಬಾರಿನ ಅರಿಶಿನ ಹತ್ತಿತು, ಲೆಕ್ಕ ಬರತೊಡಗಿತು.

ಇಲ್ಲಿಂದ ಮುಂದೆ ನಾವು ಮೂವರು ಮಾಡಿದ್ದನ್ನ ಬರೆಯೋಕೆ ಸ್ವಲ್ಪ ಕಷ್ಟ. ದಿನಾ ರಾತ್ರಿ ಯಾರದು ಎಷ್ಟು ತುತ್ತು ಅಂತ ವಾಟ್ಸಾಪ್ ಗ್ರೂಪಿಗೆ ಪಟ್ಟಿ ಹಾಕುತ್ತಿದ್ದೆವು. ಗ್ರೂಪಿನಲ್ಲಿ ಅರ್ಧ ಕ್ಲಾಸೇ ಇತ್ತು. ಒಂದು ದಿನ ಹಿರೇನಲ್ಲೂರಿನದು 74 ಬಂತು. "ಡಿಸ್ಟಿಂಕ್ಷನ್" ಅಂತ ಬರೆದು ಪಟಾಕಿ ಇಮೋಜಿ ಹಾಕಿದೆವು. ಅವನೂ ನಕ್ಕ, ಅಂದರೆ ನಗುವ ಇಮೋಜಿ ಹಾಕಿದ. ಅದಾಗಿ ಎರಡು ದಿನಕ್ಕೆ ಅವನ ರಾತ್ರಿ ಊಟದ ಲೆಕ್ಕ ಸೊನ್ನೆ ಬರೋಕೆ ಶುರುವಾಯಿತು. ಹನ್ನೆರಡು ದಿನ ಸಾಲಾಗಿ ಸೊನ್ನೆ. ಕಳ್ಳ, ಎಡಗೈಗೆ ಕಟ್ಟಿಕೊಂಡು ಉಣ್ಣುತ್ತಿದ್ದಾನೆ ಅಂದುಕೊಂಡೆವು. ಎಕ್ಸೆಲ್ ಶೀಟಿನಲ್ಲಿ ಆ ಹನ್ನೆರಡೂ ಸಾಲಿಗೆ ಕೆಂಪು ಬಣ್ಣ ಹಚ್ಚಿ ಪಕ್ಕದಲ್ಲಿ 'ಚೀಟಿಂಗ್' ಅಂತ ಬರೆದೆವು. ಇಂಟರ್ನಲ್ಸ್ ಹತ್ತಿರ ಇತ್ತು, ಮೆಸ್ಸಿಗೆ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಹೋಗುತ್ತಿದ್ದೆವು. ಅವನನ್ನ ಯಾರೂ ಕೇಳಲಿಲ್ಲ.

ಗೈಡ್ ಮೇಡಂ ಶೀಟ್ ನೋಡಿ, "ಮೆಸ್ ಊಟ ಸಾಕು, ಬೇರೆ ತರದ ಊಟದ ಡೇಟಾ ತನ್ನಿ" ಅಂದರು. ಇಂಟರ್ನಲ್ಸ್ ಮುಗಿಸಿ ಬೀರೂರಿನಲ್ಲಿ ರೈಲಿಳಿದು ಬಸ್ಸು ಹತ್ತಿ ಹಿರೇನಲ್ಲೂರಿಗೆ ಹೋದೆವು. ಅವನ ಮನೆಯಲ್ಲಿ ಮಧ್ಯಾಹ್ನ ಅವರೆಕಾಳು ಸಾರು, ಮುದ್ದೆ. ಅಜ್ಜಿ ನಮ್ಮ ಬಲಗೈ ನೋಡಿ, "ಉಣ್ಣೋ ಕೈಗೆ ಅದೇನ್ರಪ್ಪಾ ಕಟ್ಕೊಂಡಿದ್ದೀರಿ, ಬಿಚ್ಚಿಡಿ" ಅಂದರು. ಪ್ರಾಜೆಕ್ಟು ಅಂತ ಹೇಳಿ ಅವರನ್ನ ಒಪ್ಪಿಸುವಷ್ಟರಲ್ಲಿ ಸಾರು ಆರಿತ್ತು.

ಮುದ್ದೆ ನಮ್ಮ ಅಲ್ಗಾರಿದಮ್ಮನ್ನ ನುಂಗಿಹಾಕಿತು. ಅವನ ಮಾವ ಮುರಿದು, ಸಾರಿಗೆ ಅದ್ದಿ, ಬಾಯಿಗೆ ಹಾಕಿ, ಅಗಿಯದೆ ಗುಳುಂ ಅನಿಸಿ ಇನ್ನೊಂದು ಮುರಿಯೋಕೆ ನಾಲ್ಕೈದು ಸೆಕೆಂಡ್ ಸಾಕು. ನಮ್ಮ ಯಂತ್ರ 8 ಸೆಕೆಂಡ್ ಕಣ್ಣು ಮುಚ್ಚಿಕೊಂಡಿರುತ್ತೆ. ಮೊಬೈಲಿನಲ್ಲಿ ತೆಗೆದ ವಿಡಿಯೋದಲ್ಲಿ 31 ತುತ್ತು, ಯಂತ್ರದಲ್ಲಿ 14. ಆಮೇಲೆ ಅನ್ನ ಬಡಿಸಿದರು. ಸಾರು ಹಾಕಿ ಕಲಸಿದ್ದಕ್ಕೇ, ಇನ್ನೂ ಬಾಯಿಗೆ ಹೋಗುವ ಮೊದಲೇ, ಯಂತ್ರ ಐದು ತುತ್ತು ಎಣಿಸಿತ್ತು. ಕ್ಲೆಮ್ಸನ್‌ನವರು ತಮ್ಮ ಕ್ಯಾಂಟೀನಿನಲ್ಲಿ 276 ಜನರ ಮೇಲೆ ಪರೀಕ್ಷೆ ಮಾಡಿದ್ದಾರೆ. ಫೋರ್ಕು, ಚಮಚ, ಚಾಪ್‌ಸ್ಟಿಕ್ಕು, ಬರಿಗೈ ನಾಲ್ಕೂ ಅದರಲ್ಲಿದ್ದವು. ಆದರೆ ಬರ್ಗರ್ ಹಿಡಿಯೋ ಬರಿಗೈ ಬೇರೆ, ಅನ್ನ ಕಲಸೋ ಬರಿಗೈ ಬೇರೆ. ಅಲಬಾಮಾ ವಿಶ್ವವಿದ್ಯಾಲಯದ ಎಡ್ವರ್ಡ್ ಸಜೊನೊವ್ ಅವರ ತಂಡ ದವಡೆಯ ಅಲುಗಾಟ ಹಿಡಿಯುವ ಕನ್ನಡಕ ಮಾಡಿದೆ. ಅದನ್ನ ಹಾಕಿಕೊಂಡು ಮುದ್ದೆ ಉಂಡರೆ? ಅಗಿಯೋದೇ ಇಲ್ಲವಲ್ಲ!

ಆ 74 ನಮಗೆ ನೆನಪಾದದ್ದು ಆಗ. ಅವತ್ತು ಮೆಸ್ಸಿನಲ್ಲಿ ಅನ್ನ-ಸಾರು. ನಮ್ಮ ಹಿರೇನಲ್ಲೂರು ಕಲಸೋಕೆ ಕೂತರೆ ಎರಡು ನಿಮಿಷ ಕಲಸುತ್ತಾನೆ. ಅವತ್ತಿನ ವಿಡಿಯೋ ಇಲ್ಲ. ಎಷ್ಟು ತಿಂದ, ಎಷ್ಟು ಕಲಸಿದ ಅಂತ ಈಗ ಹೇಳೋಕೆ ಬರೋದಿಲ್ಲ.

ಅವತ್ತು ರಾತ್ರಿ ಅವನು ಒಂದು ಲೋಟ ಮಜ್ಜಿಗೆ ಕುಡಿದು, ಹೊಟ್ಟೆ ತುಂಬಿದೆ ಅಂತ ಮಲಗೋಕೆ ಎದ್ದ. ಅಜ್ಜಿ ತಟ್ಟೆ ಎತ್ತಿಡುತ್ತಾ ಕೇಳಿದರು: "ರಾತ್ರಿ ಹೊತ್ತು ಉಣ್ಣೋದು ಬಿಟ್ಟಿದ್ದೀಯೇನೋ?" ಅವನು ಸುಮ್ಮನಿದ್ದ. "ಇವತ್ತಿನ ಅಭ್ಯಾಸ ಅಲ್ಲ ಕಣೋ ಇದು. ಮಧ್ಯಾಹ್ನ ಉಂಡಿದ್ದು ನೋಡಿದೆ ನಾನು. ಹಸಿದೋನು ಉಂಡಂಗೆ ಉಂಡೆ." ಹೂಂ ಅಂದ. ಎಷ್ಟು ದಿನದಿಂದ ಅಂದರೆ, "ಹದಿನೈದು ದಿನ ಆಯ್ತು" ಅಂದ. ನಮ್ಮ ಕಡೆ ನೋಡಲಿಲ್ಲ.

ಅಜ್ಜಿ ಬೈಯಲಿಲ್ಲ. ಅರ್ಧ ಮುದ್ದೆ ಬಿಸಿ ಮಾಡಿ ಮಜ್ಜಿಗೆಯಲ್ಲಿ ಕಿವುಚಿ ತಂದುಕೊಟ್ಟರು. ಕುಡಿದ. ನಮ್ಮ ಮೂವರಲ್ಲಿ ಯಾರಿಗೂ ಮಾತು ಬರಲಿಲ್ಲ. ಕ್ಷಮೆ ಕೇಳಿದ್ದು ಮಾರನೇ ದಿನ ಬೀರೂರು ಸ್ಟೇಷನ್ನಿನಲ್ಲಿ, ಅದೂ ಟೀ ಕುಡಿಯುತ್ತಾ, ಅರ್ಧಂಬರ್ಧ. "ಬಿಡ್ರೋ" ಅಂದ. ಸ್ವಲ್ಪ ಹೊತ್ತಿನ ಮೇಲೆ, "ಇಮೋಜಿ ಹಾಕ್ಬಾರ್ದಿತ್ತು" ಅಂದ.

ವಾಪಸ್ ಬಂದು ಮೇಡಂಗೆ ಎಲ್ಲ ಹೇಳಿದೆವು. ಅವರು 2016ರ ಒಂದು ಅಧ್ಯಯನ ಓದಿಸಿದರು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು 470 ಜನರನ್ನ ಎರಡು ವರ್ಷ ಗಮನಿಸಿದ್ದು. ಎಲ್ಲರಿಗೂ ಆಹಾರ, ವ್ಯಾಯಾಮದ ಸಲಹೆ ಒಂದೇ. ಆರು ತಿಂಗಳಾದ ಮೇಲೆ ಅರ್ಧ ಜನಕ್ಕೆ ತೋಳಿಗೆ ಕಟ್ಟುವ ಯಂತ್ರವನ್ನೂ ಕೊಟ್ಟಿದ್ದರು. ಕೊನೆಗೆ ಯಂತ್ರ ಕಟ್ಟಿದವರು ಸರಾಸರಿ 3.5 ಕೆಜಿ ಇಳಿದಿದ್ದರು, ಕಟ್ಟದವರು 5.9 ಕೆಜಿ. ಆ ಯಂತ್ರ ತುತ್ತು ಎಣಿಸೋದಲ್ಲ, ಓಡಾಟ ಅಳೆಯೋದು. ಹಾಗಾಗಿ ನಮ್ಮ ಕಥೆಗೆ ಅದನ್ನ ಸಾಕ್ಷಿ ಅಂತ ಎಳೆಯೋಕೆ ಹೋಗಲ್ಲ. ಆದರೆ ಪ್ರಾಜೆಕ್ಟ್ ಶುರು ಮಾಡುವ ಮೊದಲೇ ಓದಬೇಕಿತ್ತು.

ರಿಪೋರ್ಟಿನಲ್ಲಿ ಆ ಹನ್ನೆರಡು ಸಾಲಿನ ಕೆಂಪು ತೆಗೆದೆವು. 'ಚೀಟಿಂಗ್' ಅಳಿಸಿ 'ಊಟ ಮಾಡಿಲ್ಲ' ಅಂತ ಬರೆದೆವು, ಅವನನ್ನ ಕೇಳಿಯೇ. ಸೊನ್ನೆ ಬಂದರೆ ಉಣ್ಣಲಿಲ್ಲವೋ, ಬೇರೆ ಕೈಗೆ ಕಟ್ಟಿದ್ದೋ, ಬ್ಯಾಟರಿ ಹೋಗಿತ್ತೋ ಅಂತ ನಮ್ಮ ಯಂತ್ರಕ್ಕೆ ಗೊತ್ತಾಗೋದಿಲ್ಲ ಅಂತ ಮಿತಿಗಳ ಪುಟದಲ್ಲಿ ಮೊದಲನೆಯದಾಗಿ ಸೇರಿಸಿದೆವು. ವೈವಾದಲ್ಲಿ ಆ ಪುಟದ ಬಗ್ಗೆ ಯಾರೂ ಕೇಳಲಿಲ್ಲ.

ಅವನೀಗ ರಾತ್ರಿ ಉಣ್ಣುತ್ತಾನೆ, ಬೆಳಿಗ್ಗೆ ಗ್ರೌಂಡಿನಲ್ಲಿ ನಡೆಯುತ್ತಾನೆ. ನಮ್ಮಲ್ಲೂ ಒಬ್ಬರೋ ಇಬ್ಬರೋ ಜೊತೆಗೆ ಹೋಗುತ್ತೇವೆ, ಎದ್ದರೆ. ತೂಕ ಎಷ್ಟಾಯಿತು ಅಂತ ಇಲ್ಲಿ ಬರೆಯಬೇಡಿ ಅಂದಿದ್ದಾನೆ. ಮುದ್ದೆ ಉಣ್ಣುವ ಡೇಟಾ, ವಿಡಿಯೋ ಸಮೇತ, ನಮ್ಮ ಹತ್ತಿರ ಇದೆ. ಜೂನಿಯರ್ಸ್ ಯಾರಾದರೂ ಮುಂದುವರಿಸೋದಾದರೆ ಕೊಡುತ್ತೇವೆ. ಅಂದಹಾಗೆ ಆ 8 ಸೆಕೆಂಡನ್ನ ನಾಲ್ಕಕ್ಕೆ ಇಳಿಸಿ ನೋಡಿ, ಮಾವನ ಲೆಕ್ಕ 27ಕ್ಕೆ ಬರುತ್ತೆ.