ನೂರು ರುಪಾಯಿ ವಾಪಸ್ ಬಂತು

ಹೋದ ವಾರ ಬೀರು ಕ್ಲೀನ್ ಮಾಡುವಾಗ ಸೀರೆ ಅಡೀಲಿ ಒಂದು ಪ್ಲಾಸ್ಟಿಕ್ ಕವರ್ ಸಿಕ್ತು. ಒಳಗ ಆಧಾರ್ ಜೆರಾಕ್ಸು, ರೇಷನ್ ಕಾರ್ಡ್ ಜೆರಾಕ್ಸು, ನಂದೇ ಎರಡು ಫೋಟೊ, ಮತದಾರರ ಪಟ್ಟಿಯ ಒಂದು ಹಾಳೆ. 2020ರ ಪಂಚಾಯ್ತಿ ಎಲೆಕ್ಷನ್ನಿಗ ನಾನು ನಾಮಿನೇಷನ್ ಹಾಕಿದ್ದಾಗಿನವು. ಮತ್ತ ಎಲೆಕ್ಷನ್ ಮಾತು ಶುರುವಾಗದಲ್ಲ, ಅದಕ್ಕ ಇದನ್ನ ಬರ್ದುಬುಡವ ಅಂತ ಕೂತ್ಕಂಡೆ.

ಆಗ ಕೊರೊನಾ ಕಾಲ. ಡಿಸೆಂಬರ್ 22ಕ್ಕ ಒಂದು ಹಂತ, 27ಕ್ಕ ಇನ್ನೊಂದು ಹಂತ, 30ಕ್ಕ ಎಣಿಕೆ ಅಂತ ಪೇಪರಲ್ಲಿ ಬಂದಿತ್ತು. ನಮ್ ವಾರ್ಡಲ್ಲಿ ಒಂದು ಸೀಟು ಸಾಮಾನ್ಯ ಮಹಿಳೆಗ ಅಂತ ಆಗಿತ್ತು. ಸಾಯಂಕಾಲ ನಮ್ ಬೀದಿ ಹೆಂಗಸರು ನಾಕೈದು ಜನ ನಮ್ ಹಟ್ಟಿ ಜಗಲೀಲಿ ಬಂದು ಕೂತ್ರು. "ಅಕ್ಕ, ನೀನು ಪಿಯುಸಿ ಓದಿದ್ದೀಯ. ಸಂಘದ ಲೆಕ್ಕ ಬರೀತೀಯ. ನೀನೇ ನಿಂತ್ಕ" ಅಂದ್ರು. ನಲ್ಲೀಲಿ ನೀರು ಬರಾದು ರಾತ್ರಿ ಎರಡು ಗಂಟೆಗ. ಎದ್ದು ಕೊಡ ಇಡೋರು ನಾವು. ಆ ಟೈಮು ಬದಲಾಯ್ಸಬೇಕು ಅನ್ನಾದೊಂದೇ ನಮ್ ಪ್ರಣಾಳಿಕೆ. ಬೇರೆ ಏನೂ ಇರ್ನಿಲ್ಲ.

ನಮ್ಮನೆಯವರು ಮೊದಲು ನಕ್ಕರು. ಆಮೇಲೆ "ಹಾಕು, ನೋಡವ" ಅಂದ್ರು.

ನಮ್ ಅಪ್ಪ ಚಿಕ್ಕಂದಿನಲ್ಲಿ ಗುಂಡ್ಲುಪೇಟೆ ಕೆ.ಎಸ್. ನಾಗರತ್ನಮ್ಮನವರ ಕತೆ ಹೇಳೋರು. ಏಳು ಸಲ ಎಮ್ಮೆಲ್ಲೆ ಆದವರು, 1972ರಲ್ಲಿ ವಿಧಾನಸಭೆಗ ಮೊದಲ ಮಹಿಳಾ ಸ್ಪೀಕರ್ ಆದವರು. ಪಂಚಾಯ್ತೀಲಿ ಹೆಂಗಸರಿಗ ನೂರಕ್ಕ ಇಪ್ಪತ್ತೈದು ಸೀಟು ಕೊಡೊ ಕಾನೂನು ತಂದ ಅಬ್ದುಲ್ ನಜೀರ್ ಸಾಬ್ರೂ ಗುಂಡ್ಲುಪೇಟೆಯವರೇ. ಕೊಳವೆಬಾವಿ ತೋಡ್ಸಿ ನೀರ್ ಸಾಬ್ ಅನ್ನಿಸ್ಕಂಡವರು. 2010ರಲ್ಲಿ ಅದು ಅರ್ಧಕ್ಕ ಅರ್ಧ ಆಯ್ತು. ಇಷ್ಟೆಲ್ಲ ನಮ್ ಪಕ್ಕದಲ್ಲೇ ನಡೆದಿದ್ರೂ ನಮ್ ಮನೆತನದಲ್ಲಿ ಒಬ್ಬ ಹೆಂಗಸೂ ನಾಮಿನೇಷನ್ ಫಾರಂ ಮುಟ್ಟಿರ್ನಿಲ್ಲ.

ಫಾರಂ ಏನೋ ದೊಡ್ಡ ಪುಸ್ತಕ ಇರ್ತದೆ ಅಂದ್ಕಂಡಿದ್ದೆ. ನೋಡುದ್ರ ಬ್ಯಾಂಕಲ್ಲಿ ಖಾತೆ ತೆಗಿಯಷ್ಟು ಕೆಲ್ಸಾನೂ ಇಲ್ಲ. ಇಪ್ಪತ್ತೊಂದು ವರ್ಷ ತುಂಬಿರಬೇಕು, ಮತಪಟ್ಟೀಲಿ ಹೆಸರಿರಬೇಕು, ಅದೇ ವಾರ್ಡಿನ ಒಬ್ಬ ವೋಟರು ಸೂಚಕರು ಅಂತ ಸೈನ್ ಹಾಕಬೇಕು. ಠೇವಣಿ ಸಾಮಾನ್ಯದವರಿಗ 200, ಹೆಂಗಸರಿಗ 100. ಮೀಸಲು ಸೀಟಾದ್ರ ಜಾತಿ ಸರ್ಟಿಫಿಕೇಟು. ಮನೇಲಿ ಶೌಚಾಲಯ ಅದೆ ಅಂತ ಬರ್ದುಕೊಡಬೇಕು. ಪಾರ್ಟಿ ಗುರುತು ಇಲ್ಲ. ಗೆದ್ದಮೇಲೆ ಎಲ್ಲಾ ಪಾರ್ಟಿಯವರೂ ನಮ್ಮೋರು ಅಂತಾರೆ, ಅದು ಬೇರೆ ಮಾತು.

ನಂಗ ತೊಡಕಾಗಿದ್ದು ಹೆಸರಲ್ಲಿ. ನಮ್ ಕಡೆ ಮಾದಪ್ಪನ ಹೆಸರು ಇಡದ ಮನೆ ಇಲ್ಲ. ಸ್ಕೂಲಲ್ಲಿ ನನ್ನ ಹೆಸರು "ಮಹದೇವ" ಅಂತ ಶುರುವಾಗ್ತದೆ, ಮತಪಟ್ಟೀಲಿ "ಮಾದೇವ" ಅಂತ. ಮೂವತ್ತು ವರ್ಷ ವೋಟ್ ಹಾಕಿದ್ರೂ ನೋಡಿರ್ನಿಲ್ಲ. ಎರಡು ರಾತ್ರಿ ನಿದ್ದೆ ಬರ್ಲಿಲ್ಲ, ತಿರಸ್ಕಾರ ಆದ್ರೆ ಮಾನ ಹೋಯ್ತದಲ್ಲ ಅಂತ. ಕೇಳುದ್ರ ಅಲ್ಲಿದ್ದ ಆಫೀಸರು ಸಮಾಧಾನವಾಗಿ, "ಪಟ್ಟೀಲಿ ಹೆಂಗದೆಯೋ ಹಂಗೇ ಬರೀರಿ ಅಮ್ಮ, ಭಾಗದ ನಂಬರು, ಕ್ರಮಸಂಖ್ಯೆ ಸರಿಯಾಗಿ ಹಾಕಿ" ಅಂದ್ರು. ಅಷ್ಟೇ.

ಸೂಚಕಳಾಗಿ ಸೈನ್ ಹಾಕಿದ್ದು ಎದುರು ಹಟ್ಟಿಯವಳು. ಹೊಲಕ್ಕ ಕೂಲಿಗ ಹೋಗೋಳು. ಸಂಘದ ಪುಸ್ತಕದಲ್ಲಿ ಸೈನ್ ಮಾಡಾದ ಕಲ್ತಿದ್ಲು. ಅವತ್ತು ಅರಿಶಿನದ ಕೆಲ್ಸ ಬುಟ್ಟು, ಒಂದು ದಿನದ ಕೂಲಿ ಕಳ್ಕಂಡು ಬಂದು, ಮಾಸ್ಕ್ ಕೆಳಗ ಎಳ್ಕಂಡು, ನಾಲಿಗೆ ಕಚ್ಕಂಡು ಒಂದೊಂದೇ ಅಕ್ಷರ ಬರ್ದ್ಲು. ಹೊರಗ ಬಂದಮೇಲೆ "ನಾ ಹೇಳ್ದಂಗ ನೀ ನಿಂತಿದ್ದೀಯ ಅಂತ ಸರ್ಕಾರದ ಕಾಗದದಲ್ಲಿ ಅದ, ಅಲ್ವಾಕ್ಕ?" ಅಂದ್ಲು. ಹೌದು ಕಣವ್ವ ಅಂದೆ.

ಪರಿಶೀಲನೇಲಿ ಪಾಸಾಯ್ತು. ಅದಾಗಿ ಎರಡು ದಿನಕ್ಕ ವಾಪಸ್ ತೆಗಿಯ ಕೊನೆ ದಿನ. ನಡುವಿನ ರಾತ್ರಿ ಹಟ್ಟಿಗ ಜನ ಬಂದ್ರು. ಎಲ್ಲ ಬಂಧುಗಳೇ. ನನ್ನ ಎದುರು ನಿಂತಿದ್ದವಳು ನಮ್ಮವರ ದಾಯಾದಿ ಮನೆ ಸೊಸೆ, ನನಗಿಂತ ಇಪ್ಪತ್ತು ವರ್ಷ ಚಿಕ್ಕೋಳು. ಯಾರೂ ಗದರ್ಲಿಲ್ಲ. ಕಾಪಿ ಕುಡ್ಕಂಡು ಮಾತಾಡಿದ್ರು. "ಒಂದೇ ಮನೆತನದಲ್ಲಿ ಎರಡು ನಾಮಿನೇಷನ್ ಯಾಕ? ಅವಿರೋಧ ಆದ್ರ ಊರಿಗ ಹೆಸರು. ನಾಳೆ ಹೊಲದ ಬದುವಿಗ, ಮಗನ ಮದುವೆಗ ಒಬ್ರಿಗೊಬ್ರು ಬೇಕಲ್ಲ." ನಮ್ಮನೆಯವರು ನೆಲ ನೋಡ್ಕಂಡು ಕೂತಿದ್ರು. ಅವರು ಹೋದಮೇಲೆ, "ನಿನ್ನಿಷ್ಟ" ಅಂದ್ರು. ಆ ನಿನ್ನಿಷ್ಟ ಅನ್ನಾದ್ರ ಅರ್ಥ ಏನು ಅಂತ ಮದುವೆಯಾದ ಹೆಂಗಸರಿಗೆಲ್ಲ ಗೊತ್ತು.

ಮಾರನೆ ದಿನ 3 ಗಂಟೆ ಒಳಗ ಹೋದೆ. ಆಫೀಸರು ಕೇಳಿದ್ರು, "ಯಾರಾದ್ರೂ ಬಲವಂತ ಮಾಡಿದಾರೇನಮ್ಮ? ಒಂದ್ಸಲ ಕೊಟ್ಟರೆ ಮತ್ತೆ ಬದಲಾಯ್ಸೋಕಾಗಲ್ಲ." "ಇಲ್ಲ ಸಾರ್, ನನ್ನ ಇಚ್ಛೆ" ಅಂದೆ. ಹಾಕೋಕೆ ಮೂರು ದಿನ ಓಡಾಡಿದ್ದೆ, ತೆಗಿಯೋಕೆ ಒಂದು ಸೈನು. ಠೇವಣಿ ನೂರು ರುಪಾಯಿ ವಾಪಸ್ ಬಂತು. ಚಿಹ್ನೆ ಕೊಡಾದು ವಾಪಸ್ ತೆಗಿಯ ದಿನ ಕಳೆದ ಮೇಲೆ. ಹಂಗಾಗಿ ನನ್ನ ಗುರುತು ಏನಾಗ್ತಿತ್ತೋ ನಂಗ ಗೊತ್ತೇ ಆಗ್ಲಿಲ್ಲ.

ದಾರೀಲಿ ಎದುರು ಹಟ್ಟಿಯವಳು ಸಿಕ್ಕಿದ್ಲು. ವಿಷಯ ಆಗಲೇ ಗೊತ್ತಾಗಿತ್ತು. ಬೈತಾಳೆ ಅಂದ್ಕಂಡೆ. ಬೈಲಿಲ್ಲ. "ಹಂಗಾದ್ರ ನನ್ ಸೈನು ಏನಾಯ್ತಕ್ಕ?" ಅಂದ್ಲು. ಇವತ್ತಿಗೂ ಅದಕ್ಕ ಉತ್ತರ ಇಲ್ಲ ನನ್ನತ್ರ. ಬೀದಿ ಹೆಂಗಸರು ನಂಗ ಹೇಳಿ ನಿಲ್ಲಿಸಿದ್ದು, ತೆಗಿವಾಗ ಅವರನ್ನ ಒಂದು ಮಾತು ಕೇಳಬೇಕಿತ್ತು. ಜಗಲೀಲಿ ಕೂತೋರ ಮಾತು ಕೇಳಿ ಹಾಕ್ದೆ, ಕುರ್ಚೀಲಿ ಕೂತೋರ ಮಾತು ಕೇಳಿ ತೆಗ್ದೆ. ನಂದೇ ಮಾತು ಅಂತ ಯಾವುದಿತ್ತು ಅಂತ ಎಷ್ಟೋ ಸಲ ಯೋಚ್ನೆ ಮಾಡೀನಿ.

ಆ ಸೊಸೆ ಅವಿರೋಧ ಮೆಂಬರಾದ್ಲು. ಎರಡು ತಿಂಗಳಿಗ ನಮ್ ಹಟ್ಟಿಗ ಬಂದ್ಲು, ಕೈಲಿ ಪಂಚಾಯ್ತಿ ನೋಟೀಸು. "ದೊಡ್ಡವ್ವ, ಇದರಲ್ಲಿ ಏನದ ಓದು. ಅವರು ನಾ ನೋಡ್ಕತೀನಿ ಬುಡು ಅಂತಾರೆ." ಓದಿ ಹೇಳ್ದೆ. ಆಮೇಲಿಂದ ಅವಳ ಅರ್ಜಿ ಬರಿಯೋಳು ನಾನೇ. ನೀರಿನ ಟೈಮಿಗ ಮೂರು ಅರ್ಜಿ ಬರ್ದಿವಿ. ಈಗ ಬೆಳಗಿನ ಜಾವ ಐದಕ್ಕ ಬತ್ತದೆ. ಎರಡಕ್ಕಿಂತ ವಾಸಿ.

ಒಂದ್ಸಲ ಅವರೆಕಾಯಿ ಬಿಡಿಸ್ತಾ ಅವಳು ಅಂದಿದ್ದು ನನ್ನ ಮನಸಲ್ಲಿ ಉಳ್ಕಂಡದ. "ದೊಡ್ಡವ್ವ, ಮೀಟಿಂಗಲ್ಲಿ ಎಲ್ಲರೂ ನಂಗ ಇಷ್ಟು ವೋಟು, ಅಷ್ಟು ವೋಟು ಅಂತಾರೆ. ನಂಗ ಒಬ್ರೂ ವೋಟು ಹಾಕಿಲ್ಲ. ನೀನು ನಿಂತಿದ್ದು ನಾ ಸೋತಿದ್ರೂ, ನಾಕು ಹಟ್ಟಿ ಬಾಗಿಲು ತಟ್ಟಿರ್ತಿದ್ದಿ."

ನಾನು ತ್ಯಾಗ ಮಾಡ್ದೆ, ಅವಳಿಗ ಲಾಭ ಆಯ್ತು ಅಂತ ಅಲ್ಲೀತನಕ ಅಂದ್ಕಂಡಿದ್ದೆ. ನಾನು ತೆಗ್ದಿದ್ದು ನನ್ನ ಕಾಗದ ಒಂದೇ ಅಲ್ಲ. ಅವಳ ವೋಟನ್ನೂ ತೆಗ್ದೆ, ಎದುರು ಹಟ್ಟಿಯವಳ ವೋಟನ್ನೂ ತೆಗ್ದೆ.

ಈ ಸಲ ನಿಲ್ಲಬೇಕು ಅಂತಿರೋ ಅಕ್ಕತಂಗೇರಿಗ ಎರಡು ಮಾತು. ಈಗಲೇ ಮತಪಟ್ಟೀಲಿ ನಿಮ್ ಹೆಸರು ಹೆಂಗದ ನೋಡ್ಕಳಿ. ಜಾತಿ ಸರ್ಟಿಫಿಕೇಟು ಬೇಕಾದ್ರ ನಾಡಕಚೇರೀಲಿ ಮೊದಲೇ ಮಾಡಿಸ್ಕಳಿ. ಸೂಚಕರು ನಿಮ್ ವಾರ್ಡಿನವರೇ ಇರ್ಲಿ. ಕಾಗದ ಎಲ್ಲ ಎರಡೆರಡು ಜೆರಾಕ್ಸ್ ಇಟ್ಕಳಿ. ಹಾಕುವಾಗ ಯಾರನ್ನ ಕೇಳಿದ್ರೋ, ತೆಗಿವಾಗಲೂ ಅವರನ್ನೇ ಕೇಳಿ.

ಕವರಲ್ಲಿ ಆ ನೂರು ರುಪಾಯಿ ನೋಟೂ ಅದೆ. ಖರ್ಚು ಮಾಡೋಕೆ ಮನಸು ಬರ್ಲಿಲ್ಲ. ಎದುರು ಹಟ್ಟಿಯವಳ ಮಗಳಿಗ ಈಗ ಇಪ್ಪತ್ಮೂರು. ಡಿಗ್ರಿ ಮುಗ್ಸವಳೆ. ನಿಂತ್ಕತೀಯೇನವ್ವ ಅಂತ ಕೇಳೀನಿ, ನೋಡವ ದೊಡ್ಡವ್ವ ಅಂದವಳೆ. ಸೂಚಕಳ ಸೈನು ಈ ಸಲ ನಂದು ಅಂತ ಹೇಳಿಟ್ಟೀನಿ.