ಒಂದು ಹಗಲಿನ ನಂದಿ

‘ಬೆಳಿಗ್ಗೆ ಬಂದು ಸಂಜೆ ಹೊರಟುಬಿಡ್ತೀವಿ, ಏನೇನು ನೋಡ್ಬಹುದು ಹೇಳು’ ಎಂದು ಯಾರಾದರೂ ಫೋನು ಮಾಡಿದರೆ ನನಗೆ ಹಬ್ಬ. ಚಿಕ್ಕಬಳ್ಳಾಪುರದಲ್ಲಿ ಮನೆ ಇದ್ದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ನಂದಿಬೆಟ್ಟ ಬೆಂಗಳೂರಿಗೆ ಅರವತ್ತು ಕಿಲೋಮೀಟರು. ದೇವನಹಳ್ಳಿಯಲ್ಲಿ ವಿಮಾನ ಇಳಿಯುವವರಿಗೆ ಇನ್ನೂ ಹತ್ತಿರ. ಪ್ರಶ್ನೆ ಬಂದ ಕೂಡಲೇ ನಾನು ಉತ್ತರ ಕೊಡುವುದಿಲ್ಲ. ಎಷ್ಟು ಜನ, ಯಾರಿಗೆ ಮಂಡಿನೋವು, ಮಕ್ಕಳು ಎಷ್ಟನೇ ಕ್ಲಾಸು, ಯಾವ ವಾರ ಬರುತ್ತೀರಿ ಎಂದೆಲ್ಲ ವಿಚಾರಿಸಿಕೊಳ್ಳುತ್ತೇನೆ. ರಾತ್ರಿ ಊಟ ಮುಗಿದ ಮೇಲೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅವರ ಹಗಲನ್ನು ಬರೆಯುತ್ತ ಕೂರುತ್ತೇನೆ. ಬರೆಯುವುದಕ್ಕಿಂತ ಹೊಡೆದುಹಾಕುವುದೇ ಜಾಸ್ತಿ. ಆ ಹೊಡೆದುಹಾಕುವ ಕೆಲಸದಲ್ಲಿ ನನಗೆ ಸಿಗುವ ಸುಖ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಹೊಡೆದುಹಾಕದೆ ಗತಿಯೂ ಇಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾದ ಈ ಜಿಲ್ಲೆಯಲ್ಲಿ ಯಾವ ರಸ್ತೆ ಹಿಡಿದರೂ ಒಂದು ಬೆಟ್ಟ, ಬೆಟ್ಟದ ಮೇಲೊಂದು ಕೋಟೆ, ಕೆಳಗೊಂದು ಗುಡಿ, ಪಕ್ಕದಲ್ಲೊಂದು ಕೆರೆ. ದಕ್ಷಿಣಕ್ಕೆ ನಂದಿ, ಅದರ ಮಗ್ಗುಲಲ್ಲೇ ಮುದ್ದೇನಹಳ್ಳಿ, ಇತ್ತ ಸ್ಕಂದಗಿರಿ. ಪೂರ್ವಕ್ಕೆ ಶಿಡ್ಲಘಟ್ಟ, ಅದರಾಚೆ ಚಿಂತಾಮಣಿ, ಕೈವಾರ. ವಾಯವ್ಯಕ್ಕೆ ಗೌರಿಬಿದನೂರು, ವಿದುರಾಶ್ವತ್ಥ. ಎಲ್ಲವನ್ನೂ ಒಂದೇ ಹಗಲಿಗೆ ತುರುಕಿದರೆ ಬಂದವರಿಗೆ ನೆನಪಿರುವುದು ಕಾರಿನ ಸೀಟು ಮಾತ್ರ. ಅದಕ್ಕೇ ನನ್ನದೊಂದು ಕಟ್ಟುನಿಟ್ಟು: ಒಂದು ದಿನಕ್ಕೆ ಒಂದೇ ದಿಕ್ಕು, ಹೆಚ್ಚೆಂದರೆ ಮೂರು ಜಾಗ. ಮೂರರಲ್ಲಿ ಒಂದು ಕೂತು ನೋಡುವಂಥದ್ದಾಗಿರಬೇಕು, ಒಂದು ಜನ ಕೆಲಸ ಮಾಡುವ ಜಾಗವಾಗಿರಬೇಕು. ಮೂರನೆಯದು ಬಂದವರ ಇಷ್ಟ.

ದಾವಣಗೆರೆಯಿಂದ ಬಂದ ನನ್ನ ಸೋದರತ್ತೆಗೆ ಈ ಲೆಕ್ಕ ಸರಿಬರಲಿಲ್ಲ. ‘ಇಷ್ಟು ದೂರ ಬಂದು ಮೂರೇನಾ?’ ಎಂದರು. ‘ಮೂರೇ ಅತ್ತೆ. ಮೂರನೇದರಲ್ಲೂ ನಿಮಗೆ ಕಾಲು ನೋಯಬಾರದು’ ಎಂದೆ. ಅವರ ಮನಸ್ಸಿನಲ್ಲಿದ್ದದ್ದು ಎಲ್ಲರ ಮನಸ್ಸಿನಲ್ಲಿರುವುದೇ: ಬೆಟ್ಟದ ಮೇಲಿನ ಸೂರ್ಯೋದಯ. ನಂದಿಬೆಟ್ಟದ ಸೂರ್ಯೋದಯ ಚೆಂದವೇ. 1478 ಮೀಟರ್ ಎತ್ತರದಲ್ಲಿ ನಿಂತಾಗ ಮೋಡ ಕಾಲ ಕೆಳಗೆ ಹಾದುಹೋದರೆ ಯಾರಿಗಾದರೂ ಮಾತು ನಿಲ್ಲುತ್ತದೆ. ಆದರೆ ಭಾನುವಾರ ನಸುಕಿನಲ್ಲಿ ಅಲ್ಲಿಗೆ ಹೋಗುವ ದಾರಿಯಲ್ಲಿ ಕಾರುಗಳ ಸಾಲು ನಿಂತಿರುತ್ತದೆ. ಆ ಸಾಲಿನಲ್ಲೇ ಸೂರ್ಯ ಹುಟ್ಟಿ ಮೇಲೆ ಬಂದಿರುತ್ತಾನೆ. ರಜೆಯ ದಿನ ಬರುವವರ ಪಟ್ಟಿಯಿಂದ ನಾನು ಮೊದಲು ಹೊಡೆದುಹಾಕುವುದು ಅದನ್ನೇ.

ಅದರ ಬದಲಿಗೆ ನಾನು ಕರೆದೊಯ್ಯುವುದು ಬೆಟ್ಟದ ಬುಡಕ್ಕೆ, ನಂದಿ ಗ್ರಾಮದ ಭೋಗನಂದೀಶ್ವರನ ಗುಡಿಗೆ. ಬೆಟ್ಟದ ರಸ್ತೆ ಒಂದು ಮಗ್ಗುಲಲ್ಲಿ, ಗುಡಿ ಇನ್ನೊಂದು ಮಗ್ಗುಲಲ್ಲಿ ಇರುವುದರಿಂದ ಎಷ್ಟೋ ಜನ ಬೆಟ್ಟ ಹತ್ತಿಳಿದು ಗುಡಿ ನೋಡದೆ ಹಾಗೇ ಹೊರಟುಹೋಗುತ್ತಾರೆ. ನನ್ನ ಮಟ್ಟಿಗೆ ನಂದಿ ಎಂದರೆ ಮೊದಲು ಈ ಗುಡಿ, ಆಮೇಲೆ ಬೆಟ್ಟ. ಇದರ ಉಲ್ಲೇಖ 9ನೇ ಶತಮಾನದ ಆರಂಭದ ಶಾಸನಗಳಲ್ಲೇ ಸಿಗುತ್ತದೆ. ಬಾಣರ ರಾಣಿ ರತ್ನಾವಳಿಯ ಹೆಸರು ಅದರೊಂದಿಗೆ ಸೇರಿಕೊಂಡಿದೆ. ನೊಳಂಬರು, ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೊಬ್ಬರು ಇಲ್ಲಿ ಕೈಯಾಡಿಸಿದ್ದಾರೆ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಕೆಡವದೆ ಪಕ್ಕದಲ್ಲಿ ಜಾಗ ಮಾಡಿಕೊಂಡು ಕಟ್ಟುತ್ತ ಹೋಗಿದ್ದಾರೆ. ಒಂದೇ ಅಂಗಳದಲ್ಲಿ ಅರುಣಾಚಲೇಶ್ವರ ಒಂದು ಕಡೆ, ಭೋಗನಂದೀಶ್ವರ ಒಂದು ಕಡೆ, ನಡುವೆ ಉಮಾಮಹೇಶ್ವರ. ಊರವರು ಹೇಳುವ ಪ್ರಕಾರ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಅವನ ಯೌವನ, ಉಮಾಮಹೇಶ್ವರ ಮದುವೆ. ಬೆಟ್ಟದ ಮೇಲಿನ ಯೋಗನಂದೀಶ್ವರ ಎಲ್ಲ ಬಿಟ್ಟು ಕೂತವನು. ತೇರು, ಜಾತ್ರೆ ಎಲ್ಲ ಕೆಳಗಿನವನಿಗೇ. ಶಿವರಾತ್ರಿಯ ಹೊತ್ತಿಗೆ ಇಲ್ಲಿ ರಥೋತ್ಸವವೂ ದನಗಳ ಜಾತ್ರೆಯೂ ನಡೆಯುತ್ತವೆ. ಹಳ್ಳಿ ನೋಡದ ಮಕ್ಕಳನ್ನು ಕರೆದುಕೊಂಡು ಬರುವವರಿಗೆ ನಾನು ಹೇಳುವುದು ಆ ದಿನಗಳನ್ನೇ.

ಉಮಾಮಹೇಶ್ವರ ಗುಡಿಯ ಮುಂದೆ ಕಪ್ಪು ಕಲ್ಲಿನ ಒಂದು ಪುಟ್ಟ ಕಲ್ಯಾಣ ಮಂಟಪವಿದೆ. ನಾಲ್ಕು ಕಂಬ. ಕಂಬದ ಮೇಲೆ ಶಿವಪಾರ್ವತಿ, ಬ್ರಹ್ಮ ಸರಸ್ವತಿ, ವಿಷ್ಣು ಲಕ್ಷ್ಮಿ, ಅಗ್ನಿ ಸ್ವಾಹಾ ಎಂದು ದಂಪತಿಗಳು ನಿಂತಿದ್ದಾರೆ. ಬಂದವರು ಸಾಮಾನ್ಯವಾಗಿ ದೇವರ ಮುಖ ನೋಡಿ ಮುಂದೆ ಹೋಗುತ್ತಾರೆ. ನಾನು ಅವರನ್ನು ಅಲ್ಲೇ ತಡೆದು ನಿಲ್ಲಿಸುತ್ತೇನೆ. ಮೂರ್ತಿಗಳ ಸುತ್ತಲಿನ ಬಳ್ಳಿಯನ್ನು ಬುಡದಿಂದ ಹಿಡಿದು ಕಣ್ಣಲ್ಲೇ ಹತ್ತಬೇಕು. ಅದು ಸುತ್ತಿಕೊಳ್ಳುತ್ತ, ಕವಲೊಡೆಯುತ್ತ, ಕವಲಿನಲ್ಲಿ ಹಕ್ಕಿ ಕೂರಿಸಿಕೊಂಡು ಮೇಲೆ ಹೋಗುತ್ತದೆ. ಕಲ್ಲು ಎಷ್ಟು ನುಣುಪೆಂದರೆ ಹೊರಗಿನ ಬೆಳಕು ಅದರ ಮೇಲೆ ಎಣ್ಣೆ ಸವರಿದಂತೆ ಹರಿಯುತ್ತದೆ. ಬೆಳಿಗ್ಗೆ ಬಿಸಿಲು ಓರೆಯಾಗಿರುವಾಗ ಕೆತ್ತನೆಯ ಆಳ ಚೆನ್ನಾಗಿ ಕಾಣುತ್ತದೆ. ನಡು ಮಧ್ಯಾಹ್ನಕ್ಕೆ ಎಲ್ಲ ಚಪ್ಪಟೆ. ಆದ್ದರಿಂದ ನನ್ನ ಪಟ್ಟಿಯಲ್ಲಿ ಗುಡಿ ಯಾವತ್ತೂ ಮೊದಲನೆಯದು.

ಅತ್ತೆ ಕನ್ನಡಕ ಹಾಕಿಕೊಂಡು ಒಂದು ಕಂಬದ ಮುಂದೆ ನಿಂತವರು ಕದಲಲಿಲ್ಲ. ಆಮೇಲೆ ಕಲ್ಯಾಣಿಗೆ ಕರೆದುಕೊಂಡು ಹೋದೆ. ಶೃಂಗಿತೀರ್ಥ ಎನ್ನುತ್ತಾರೆ ಅದಕ್ಕೆ. ಸುತ್ತ ಕಲ್ಲಿನ ಕೈಸಾಲೆ, ನಾಲ್ಕೂ ಕಡೆಯಿಂದ ನೀರಿಗೆ ಇಳಿಯುವ ಮೆಟ್ಟಿಲು, ಹಿಂದೆ ಬೆಟ್ಟ. ಅಲ್ಲಿ ಕೂತ ಅತ್ತೆ ತಮ್ಮ ತವರೂರಿನ ಪುಷ್ಕರಿಣಿ, ಅಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಕಂದಿರು, ಯಾವತ್ತೂ ಯಾರಿಗೂ ಹೇಳದ ಎಷ್ಟೋ ಸಂಗತಿ ಹೇಳಿದರು. ‘ಹೊರಡೋಣವಾ?’ ಎಂದರೆ ‘ತಡಿ, ಇನ್ನೊಂದು ಸ್ವಲ್ಪ’ ಎಂದರು. ಪಟ್ಟಿಯಲ್ಲಿ ಮೂರೇ ಇದ್ದದ್ದರಿಂದ ಆ ಇನ್ನೊಂದು ಸ್ವಲ್ಪ ಹೊತ್ತು ನಮ್ಮ ಕೈಯಲ್ಲಿತ್ತು.

ಕಾಲು ಗಟ್ಟಿ ಇರುವ ಹುಡುಗ ಹುಡುಗಿಯರು ಬಂದರೆ ಮಾತು ಬೇರೆ. ಅವರಿಗೆ ಸುಲ್ತಾನ್‌ಪೇಟೆಯಿಂದ ಬೆಟ್ಟಕ್ಕೆ ಹೋಗುವ ಹಳೆಯ ಮೆಟ್ಟಿಲ ದಾರಿ. ಸಾವಿರಕ್ಕೂ ಮೀರಿದ ಮೆಟ್ಟಿಲು, ದಾರಿಯುದ್ದಕ್ಕೂ ಕೋಟೆಯ ಬಾಗಿಲುಗಳು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನಿಂದ ಕಿತ್ತುಕೊಂಡ ಕೋಟೆ ಇದು. ಕಾರಿನಲ್ಲಿ ಹೋದವರಿಗೆ ಅದು ಯಾಕೆ ಅಷ್ಟು ಕಷ್ಟದ ಕೋಟೆಯಾಗಿತ್ತು ಎನ್ನುವುದು ಗೊತ್ತಾಗುವುದಿಲ್ಲ, ಮೆಟ್ಟಿಲು ಹತ್ತಿದವರಿಗೆ ಮೊಣಕಾಲೇ ಹೇಳುತ್ತದೆ. ಮೇಲೆ ಹೋದ ಮೇಲೆ ಎಲ್ಲರೂ ಟಿಪ್ಪು ಡ್ರಾಪ್ ಎಂಬ ಕಡಿದಾದ ಬಂಡೆಯಂಚಿನ ಕಡೆ ಓಡುತ್ತಾರೆ. ನಾನು ಅಮೃತ ಸರೋವರದ ಕಡೆ, ಗಾಂಧಿ ನಿಲಯದ ಸುತ್ತಿನ ಮರಗಳ ಕಡೆ ಹೋಗಿ ಎನ್ನುತ್ತೇನೆ. 1927ರಲ್ಲಿ ಆರೋಗ್ಯ ಕೆಟ್ಟಾಗ ಗಾಂಧೀಜಿ ಸುಧಾರಿಸಿಕೊಂಡದ್ದು ಈ ಬೆಟ್ಟದ ಮೇಲೆ. ಆ ಮರಗಳಲ್ಲಿ ಮಂಜಿನ ಬೆಳಿಗ್ಗೆಗಳಲ್ಲಿ ನೀಲಗಿರಿ ಕಾಡುಪಾರಿವಾಳ ಕಾಣುತ್ತದೆ. ಪಶ್ಚಿಮ ಘಟ್ಟದ ಆ ಹಕ್ಕಿ ಇಷ್ಟು ದೂರದ ಈ ಒಂಟಿ ಬೆಟ್ಟದಲ್ಲೂ ನೆಲೆಸಿದೆ. ಅದನ್ನು ನೋಡಲೆಂದೇ ಬೈನಾಕ್ಯುಲರ್ ಹಿಡಿದು ಬರುವವರಿದ್ದಾರೆ.

ಮುದ್ದೇನಹಳ್ಳಿಗೆ ಹೆಚ್ಚು ಹೊತ್ತು ಬೇಡ. ವಿಶ್ವೇಶ್ವರಯ್ಯನವರು ಹುಟ್ಟಿದ ಮನೆ, ಅವರ ವಸ್ತುಗಳ ಸಂಗ್ರಹಾಲಯ, ಸಮಾಧಿ. ಮಕ್ಕಳಿದ್ದರೆ ಮಾತ್ರ ತಪ್ಪಿಸಬಾರದು. ಆ ಮನೆಯ ಅಳತೆ ನೋಡಿ, ಇಲ್ಲಿಂದ ಹೊರಟ ಹುಡುಗ ಕನ್ನಂಬಾಡಿ ಕಟ್ಟೆ ಕಟ್ಟಿದನೆಂದು ಮಕ್ಕಳಿಗೆ ಅಲ್ಲೇ ನಿಂತು ಹೇಳಬೇಕು. ಆವಲಗುರ್ಕಿಯ 112 ಅಡಿಯ ಆದಿಯೋಗಿ ಮೂರ್ತಿ 2023ರಲ್ಲಿ ಬಂದ ಮೇಲೆ ಬೆಂಗಳೂರಿನವರ ಮೊದಲ ಬೇಡಿಕೆ ಅದಾಗಿದೆ. ಕೇಳಿದವರನ್ನು ಸಂಜೆ ಕರೆದೊಯ್ಯುತ್ತೇನೆ. ಆದರೆ ಭೋಗನಂದೀಶ್ವರನನ್ನು ಬಿಟ್ಟು ಅಲ್ಲಿಗೆ ಹೋಗಲು ನಾನು ಬಿಡುವುದಿಲ್ಲ.

ನನ್ನ ಮನಸ್ಸಿಗೆ ತೀರ ಹತ್ತಿರವಾದದ್ದು ಪೂರ್ವ ದಿಕ್ಕಿನ ಪಟ್ಟಿ. ಅದರ ಮೊದಲ ಸಾಲೇ ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ. ಯಾವ ಪ್ರವಾಸಿ ಪುಸ್ತಕದವರೂ ಇದಕ್ಕೆ ಎರಡು ಸಾಲು ಕೊಡುವುದಿಲ್ಲ. ಬೆಳಿಗ್ಗೆಯೇ ಹೋಗಬೇಕು. ರೈತರು ರಾತ್ರಿಯೇ ಗೂಡು ಬಿಡಿಸಿ ಮೂಟೆ ಕಟ್ಟಿ ತಂದಿರುತ್ತಾರೆ. ಜಾಲರಿಗಳಲ್ಲಿ ಸುರಿದ ಗೂಡು ಕೆಲವು ಬೆಳ್ಳಗೆ, ಕೆಲವು ತಿಳಿ ಹಳದಿ. ನೂಲು ತೆಗೆಯುವ ರೀಲರು ಬಂದು ಒಂದು ಹಿಡಿ ಎತ್ತಿ, ಹೆಬ್ಬೆರಳಿನಲ್ಲಿ ಒತ್ತಿ ಗಟ್ಟಿಯಿದೆಯೇ ನೋಡುತ್ತಾನೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ. ಒಳಗಿನ ಹುಳು ಪೂರ್ತಿ ಕೋಶವಾಗಿ ಕಟಕಟ ಎಂದರೆ ಗೂಡು ಹದಕ್ಕೆ ಬಂದಿದೆ ಎಂದು. ಕಲೆ ಬಿದ್ದದ್ದು, ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಎಷ್ಟಿವೆ ಎಂದು ಕಣ್ಣಲ್ಲೇ ಎಣಿಸುತ್ತಾನೆ. ಈಗ ಹರಾಜು ಮೊಬೈಲಿನಲ್ಲಿ. ಬೆಲೆ ಪರದೆಯ ಮೇಲೆ ಬರುವವರೆಗೆ ರೈತನ ಮುಖ ನೋಡಬೇಕು. ತಿಂಗಳಿಡೀ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳು ಪೊರೆ ಬಿಡುವ ನಾಲ್ಕು ಜ್ವರ ದಾಟಿಸಿ, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮನೆಯವರ ಅಷ್ಟೂ ದುಡಿಮೆ ಆ ಒಂದು ಅಂಕಿಯಲ್ಲಿದೆ. ಅಲ್ಲಿ ದಾರಿಗೆ ಅಡ್ಡ ನಿಲ್ಲಬಾರದು, ಕೇಳದೆ ಫೋಟೊ ತೆಗೆಯಬಾರದು. ಆಮೇಲೆ ಊರಿನ ಯಾವುದಾದರೂ ನೂಲು ಬಿಚ್ಚಾಣಿಕೆ ಮನೆಯವರು ಒಪ್ಪಿದರೆ ಒಳಗೆ ಹೋಗಿ. ಬೇಯಿಸಿದ ಗೂಡಿನ ವಾಸನೆಗೆ ಮೊದಲು ಮೂಗು ಮುಚ್ಚಿಕೊಳ್ಳುವವರು ಸ್ವಲ್ಪ ಹೊತ್ತಿಗೆ ಅದನ್ನು ಮರೆಯುತ್ತಾರೆ. ಬಿಸಿನೀರಿನಲ್ಲಿ ತೇಲುವ ಹಲವು ಗೂಡುಗಳ ಎಳೆ ಸೇರಿ ಒಂದು ನೂಲಾಗಿ ರಾಟೆಗೆ ಏರುವುದನ್ನು ನೋಡಿದ ಹೆಂಗಸರು, ಮನೆಗೆ ಹೋಗಿ ಬೀರುವಿನ ಸೀರೆಯನ್ನು ಮತ್ತೆ ತೆಗೆದು ಮುಟ್ಟಿದ್ದೇವೆಂದು ನನಗೆ ಹೇಳಿದ್ದಾರೆ.

ಅದೇ ದಿಕ್ಕಿನಲ್ಲಿ ಮುಂದೆ ಕೈವಾರ. ಬಳೆ ಮಾರುತ್ತಿದ್ದ ತಾತಯ್ಯ ಯೋಗಿಯಾಗಿ ತೆಲುಗಿನಲ್ಲೂ ಕನ್ನಡದಲ್ಲೂ ಹಾಡು ಕಟ್ಟಿದ ಊರು. ಈ ಭಾಗದ ಮನೆಗಳಲ್ಲಿ ಎರಡು ಭಾಷೆಯೂ ಒಂದೇ ಒಲೆಯ ಮುಂದೆ ಕೂತಿರುತ್ತವೆ ಎನ್ನುವುದು ಹೊರಗಿನವರಿಗೆ ಅಲ್ಲಿ ಅರ್ಥವಾಗುತ್ತದೆ.

ಗೌರಿಬಿದನೂರಿನ ಕಡೆಗೆ ನಾನು ಜನ ನೋಡಿ ಆರಿಸಿ ಕಳಿಸುತ್ತೇನೆ. ಇತಿಹಾಸ ಓದುವ ಮನಸ್ಸಿದ್ದವರಿಗೆ ವಿದುರಾಶ್ವತ್ಥ. ಶಿವಪುರದ ಧ್ವಜ ಸತ್ಯಾಗ್ರಹವಾಗಿ ಎರಡೇ ವಾರಕ್ಕೆ, 1938ರ ಏಪ್ರಿಲ್ 25ರಂದು, ಇಲ್ಲಿ ಬಾವುಟ ಹಿಡಿದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅದಾದ ಮೇಲೆಯೇ ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಜೊತೆ ಮಾತಾಡಿ, ಮೈಸೂರಿನಲ್ಲಿ ಕಾಂಗ್ರೆಸ್ ಬಾವುಟ ಹಾರಿಸಲು ದಾರಿಯಾದದ್ದು. ಒಂದು ಕಡೆ ಹರಕೆಯ ನಾಗರಕಲ್ಲುಗಳು ಸಾಲುಸಾಲಾಗಿ, ಇನ್ನೊಂದು ಕಡೆ ಹುತಾತ್ಮರ ಸ್ಮಾರಕ. ಅದರ ಜೊತೆಗೆ ಇನ್ನೊಂದು ಜಾಗ ಸೇರಿಸಲು ನನಗೆ ಮನಸ್ಸು ಬರುವುದಿಲ್ಲ. ಆ ದಿನದ ಪಟ್ಟಿ ಅದೊಂದರಲ್ಲೇ ಮುಗಿಯಲಿ.

ಊಟವನ್ನು ಪಟ್ಟಿಯ ಹೊರಗೆ ಇಡಬಾರದು. ಡಿಸೆಂಬರ್, ಜನವರಿಯಲ್ಲಿ ಬಂದರೆ ಹಿತಕಿದ ಅವರೆಬೇಳೆ ಸಾರು, ಮುದ್ದೆ. ಬೇರೆ ತಿಂಗಳಲ್ಲಿ ಮಸ್ಸೊಪ್ಪು, ಇಲ್ಲವೇ ಬಸ್ಸಾರು. ಇದನ್ನು ಹೆದ್ದಾರಿಯ ದೊಡ್ಡ ಹೋಟೆಲಿನಲ್ಲಿ ಹುಡುಕಬೇಡಿ. ಪರಿಚಯದ ಮನೆಯಿದ್ದರೆ ಮನೆಯಲ್ಲಿ, ಇಲ್ಲದಿದ್ದರೆ ಬಸ್‌ಸ್ಟ್ಯಾಂಡಿನ ಸುತ್ತ ನಾಲ್ಕು ಬೆಂಚು ಹಾಕಿರುವ ಮುದ್ದೆ ಹೋಟೆಲಿನಲ್ಲಿ ತಿನ್ನಿ.

ನಂದಿಯ ಕಡೆ ಬರುವ ಮನಸ್ಸಿದ್ದರೆ ಭಾನುವಾರ ಬಿಟ್ಟು ವಾರದ ನಡುವೆ ಬನ್ನಿ. ಎಂಟು ಗಂಟೆಯೊಳಗೆ ಗುಡಿ ತಲುಪಿ. ಮನೆಯ ಹಿರಿಯರನ್ನು ಬೆಟ್ಟಕ್ಕೆ ಹೆದರಿ ಬಿಟ್ಟು ಬರಬೇಡಿ, ಭೋಗನಂದೀಶ್ವರನ ಅಂಗಳ ಸಮತಟ್ಟಾಗಿದೆ.